ನಡುವಿನ ಹತ್ತು ವರ್ಷ

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಸಮಾವೇಶದಲ್ಲಿ ಶಿಕ್ಷಕ ವೃಂದದ ಪರವಾಗಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ನಿಂತು ಹೆಮ್ಮೆಯ ಮಾತುಗಳನ್ನಾಡುವುದು ಕಷ್ಟವಲ್ಲ. ಈ ಮೂರು ದಿನಗಳಲ್ಲಿ ಅಂಥ ಮಾತುಗಳು ಸಾಕಷ್ಟು ಬಂದಿವೆ, ಬರಬೇಕಾದವೂ ಹೌದು. ಆದರೆ ನಾವು ಶಿಕ್ಷಕರು ಬಹುಕಾಲದಿಂದ ಮುಂದೂಡುತ್ತ ಬಂದ ಒಂದು ವಿಷಯವಿದೆ. ಬೆಳೆಯುವ ಮಕ್ಕಳಿಗೆ ಅವರ ದೇಹದ ಬಗೆಗೆ, ಗಂಡು ಹೆಣ್ಣಿನ ಸಂಬಂಧದ ಬಗೆಗೆ ತಿಳಿವಳಿಕೆ ಕೊಡುವ ವಿಷಯ ಅದು. ಮನೆಯವರೆಲ್ಲ ಒಂದೆಡೆ ಸೇರಿರುವ ಇಂದೇ ಅದನ್ನು ನಿಮ್ಮ ಮುಂದಿಡುವುದು ಸರಿಯೆಂದು ನಮಗೆ ತೋರಿತು.

ಮೊದಲು ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ಏಳನೆಯ ತರಗತಿಯ ಹುಡುಗಿಯೊಬ್ಬಳು ನೆರೆದಾಗ ಮನೆಯವರು ನಮ್ಮನ್ನು ಕರೆದಿದ್ದರು. ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕಿದ್ದ. ಬೀದಿಯ ತುದಿಯಲ್ಲಿ ಹುಡುಗಿಯ ಚಿತ್ರವಿದ್ದ ಫ್ಲೆಕ್ಸ್ ನಿಂತಿತ್ತು, ಅದರಲ್ಲಿ ಕನ್ನಡವೂ ಇತ್ತು, ತಮಿಳೂ ಇತ್ತು. ಮೈಕ್ ಸೆಟ್ಟಿನ ಸದ್ದು ಪಕ್ಕದ ಊರಿಗೂ ಕೇಳುತ್ತಿತ್ತು. ನಾವು ಆರತಿ ನೋಡಿದೆವು, ಊಟ ಮಾಡಿದೆವು, ಮುಯ್ಯಿಯ ಕವರು ಕೊಟ್ಟು ಬಂದೆವು. ಒಂಬತ್ತನೆಯ ತರಗತಿಯ ನಡುವೆ ಆ ಹುಡುಗಿ ಶಾಲೆಗೆ ಬರುವುದು ನಿಂತಿತು. ಹಾಜರಿ ಪುಸ್ತಕದಲ್ಲಿ ನಾವು ‘ದೀರ್ಘ ಗೈರುಹಾಜರಿ’ ಎಂದು ಬರೆದೆವು. ಆಕೆಗೆ ಮದುವೆಯಾಗಿದೆ, ಬಸುರಿ ಎಂಬ ಸುದ್ದಿ ತಡವಾಗಿ ಬಂತು. ಊರಿಗೆ ಊರೇ ಕೂಡಿ ಅವಳು ದೊಡ್ಡವಳಾದಳೆಂದು ಸಾರಿದ್ದೆವು. ಆದರೆ ತನಗೇನಾಗಿದೆ, ಮುಂದೇನು ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಮನೆಯವರು ಶಾಲೆಯವರು ಹೇಳಿಯಾರೆಂದುಕೊಂಡರು, ನಾವು ಮನೆಯವರು ಹೇಳಿಯಾರೆಂದುಕೊಂಡೆವು.

ಈ ಮೌನಕ್ಕೆ ಒಂದು ಚರಿತ್ರೆಯಿದೆ. ನಮ್ಮ ಶಾಲೆ ಹುಟ್ಟಿದ ಕಾಲದಲ್ಲಿ ತಾಳವಾಡಿ ಸೀಮೆ ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಂದು ಎಷ್ಟೋ ಹೆಣ್ಣುಮಕ್ಕಳಿಗೆ ಮೈನೆರೆಯುವ ಮೊದಲೇ, ಇಲ್ಲವೇ ನೆರೆದ ಸ್ವಲ್ಪ ಕಾಲದಲ್ಲೇ ಮದುವೆಯಾಗುತ್ತಿತ್ತು. ಗುಡ್ಲು, ಆರತಿ, ಒಸಗೆ ಇವೆಲ್ಲ ‘ನಮ್ಮ ಮನೆಯಲ್ಲಿ ಹೆಣ್ಣು ಬೆಳೆದು ನಿಂತಿದೆ’ ಎಂದು ನೆಂಟರಿಷ್ಟರಿಗೆ ತಿಳಿಸುವ ಬಗೆಯೂ ಆಗಿದ್ದವು. 1929ರ ಶಾರದಾ ಕಾಯಿದೆ ಹೆಣ್ಣಿನ ಮದುವೆಯ ಕನಿಷ್ಠ ವಯಸ್ಸನ್ನು 14ಕ್ಕೆ ನಿಲ್ಲಿಸಿತು. 1949ರಲ್ಲಿ ಅದು 15 ಆಯಿತು. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾಗಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾವು ಮದ್ರಾಸಿನಲ್ಲೇ ಉಳಿದೆವು. 1978ರ ತಿದ್ದುಪಡಿ ಹೆಣ್ಣಿಗೆ 18, ಗಂಡಿಗೆ 21 ಎಂದು ವಿಧಿಸಿತು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆ ಅದನ್ನೇ ಇನ್ನಷ್ಟು ಬಿಗಿಗೊಳಿಸಿತು.

ಈ ನೂರು ವರ್ಷಗಳಲ್ಲಿ ಕಾನೂನೂ ಶಾಲೆಯೂ ಸೇರಿ ಮಾಡಿದ ದೊಡ್ಡ ಕೆಲಸವೊಂದಿದೆ. ಮೈನೆರೆಯುವ ದಿನಕ್ಕೂ ಮದುವೆಯ ದಿನಕ್ಕೂ ನಡುವೆ ಅವು ವರ್ಷಗಳನ್ನು ತಂದುಕೊಟ್ಟಿವೆ. ಹನ್ನೆರಡು ಹದಿಮೂರಕ್ಕೆ ನೆರೆದ ಹುಡುಗಿ ಹೈಸ್ಕೂಲು ಮುಗಿಸಿ, ಚಾಮರಾಜನಗರಕ್ಕೋ ಸತ್ಯಮಂಗಲಕ್ಕೋ ಹೋಗಿ ಕಾಲೇಜು ಓದಿ ಮದುವೆಯಾಗುವ ಹೊತ್ತಿಗೆ ಹತ್ತು ವರ್ಷ ಕಳೆದಿರುತ್ತದೆ. ಹುಡುಗರಿಗೆ ಇನ್ನೂ ಹೆಚ್ಚು. ನಮ್ಮ ಅಜ್ಜಿಯರಿಗೆ ಈ ವರ್ಷಗಳೇ ಇರಲಿಲ್ಲ. ಆದ್ದರಿಂದ ಈ ವರ್ಷಗಳನ್ನು ಹೇಗೆ ಕಳೆಯಬೇಕೆಂಬ ಬುದ್ಧಿಮಾತು ಹಿಂದಿನವರಿಂದ ನಮಗೆ ಬಂದಿಲ್ಲ. ಮಕ್ಕಳಿಗೆ ನಾವು ವರ್ಷಗಳನ್ನು ಕೊಟ್ಟೆವು, ಆ ವರ್ಷಗಳಿಗೆ ಬೇಕಾದ ತಿಳಿವಳಿಕೆಯನ್ನು ಕೊಡಲಿಲ್ಲ.

ಆ ವರ್ಷಗಳೂ ಇನ್ನೂ ಎಲ್ಲರಿಗೆ ದಕ್ಕಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು ತಮಿಳುನಾಡಿನಲ್ಲಿ ಶೇಕಡ 12.8, ಕರ್ನಾಟಕದಲ್ಲಿ ಶೇಕಡ 21.3. ಗಡಿಯ ಎರಡೂ ಕಡೆ ನಂಟಸ್ತನವಿರುವ ನಮಗೆ ಈ ಎರಡು ಅಂಕಿಗಳೂ ಸಂಬಂಧಿಸಿದವೇ.

‘ಇದು ನಮ್ಮ ಸಂಸ್ಕೃತಿಯಲ್ಲ, ಹೊರಗಿನಿಂದ ಬಂದದ್ದು’ ಎಂದು ಕೆಲವು ಹಿರಿಯರು ನಮಗೆ ಹೇಳಿದ್ದಾರೆ. ಅವರ ಕಾಳಜಿಯನ್ನು ಗೌರವಿಸಿಯೇ ಒಂದು ಮಾತು ಕೇಳುತ್ತೇವೆ. ನಮ್ಮ ಸೀಮೆಯ ಸೋಬಾನೆ ಪದಗಳಲ್ಲಿ ಹೆಣ್ಣು ನೆರೆದದ್ದೂ ಬಸಿರು ಬಯಕೆಯೂ ಇರಲಿಲ್ಲವೇ? ಕಂಸಾಳೆಯವರು ಮಾದಪ್ಪನ ಕಥೆಯಲ್ಲಿ ಸಂಕಮ್ಮನ ಸಾಲನ್ನು ಹಾಡುವಾಗ ಗಂಡಸರು, ಹೆಂಗಸರು, ಮಕ್ಕಳು ಒಟ್ಟಿಗೆ ಕೂತು ರಾತ್ರಿಯಿಡೀ ಕೇಳುತ್ತಿರಲಿಲ್ಲವೇ? ಹೆಂಡತಿಯನ್ನು ಶಂಕಿಸಿ, ಭಾಷೆ ಕೊಡೆಂದು ಹಿಂಸಿಸುವ ಗಂಡನ ಕಥೆ ಅದು. ಮಣಿಯದೆ ನಿಂತ ಹೆಣ್ಣಿನ ಕಡೆಗೇ ಅಲ್ಲಿ ಮಾದಪ್ಪ ನಿಲ್ಲುತ್ತಾನೆ. ದಾಂಪತ್ಯದ ವಿಷಯದಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದನ್ನು ನಮ್ಮ ಹಿರಿಯರು ಊರ ನಡುವೆ, ಹಾಡಿನಲ್ಲಿ ಹೇಳಿಸಿಕೊಳ್ಳುತ್ತಿದ್ದರು.

ಕನ್ನಡ ನಾಡಿನಲ್ಲಿ ಓದುಬಲ್ಲವರೂ ಈ ಮಾತನ್ನು ಮುಚ್ಚಿಡಲಿಲ್ಲ. ನೆರೆಯ ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಸರಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ವೈದ್ಯೆಯೂ ಲೇಖಕಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರು ‘ಕೇಳು ಕಿಶೋರಿ’, ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ ಮುಂತಾದ ಪುಸ್ತಕಗಳನ್ನು ತಿಳಿಗನ್ನಡದಲ್ಲಿ ಬರೆದರು. ಹೀಗಿರುವಾಗ ಮಾತೇ ಹೊರಗಿನದೆನ್ನುವುದು ಹೇಗೆ? ಮಾತು ನಮ್ಮಲ್ಲೇ ಇತ್ತು, ನಡುವೆ ಎಲ್ಲೋ ನಿಂತುಹೋಯಿತು. ಸೋಬಾನೆಯ ಜಾಗಕ್ಕೆ ಮೈಕ್ ಸೆಟ್ಟು ಬಂತು, ಅಜ್ಜಿಯ ಜಾಗಕ್ಕೆ ಕೈಯ ಫೋನು ಬಂತು.

ಕಳೆದ ವರ್ಷ ನಾವು ಶಾಲೆಯ ಮೊಗಸಾಲೆಯಲ್ಲಿ ಒಂದು ಡಬ್ಬ ಇಟ್ಟೆವು. ಹೆಸರು ಬರೆಯದೆ ಏನು ಬೇಕಾದರೂ ಕೇಳಬಹುದೆಂದು ಹೇಳಿದೆವು. ಮೊದಲ ವಾರ ಡಬ್ಬ ಖಾಲಿಯಿತ್ತು, ಆಮೇಲೆ ತುಂಬಿತು. ಒಂದು ಚೀಟಿಯಲ್ಲಿ ಹೀಗಿತ್ತು: ‘ಮುಟ್ಟಾದಾಗ ಹೊರಗೆ ಕೂರಿಸುತ್ತಾರೆ. ನನಗೆ ಕಾಯಿಲೆಯೇ?’ ಇನ್ನೊಂದು, ಹುಡುಗನ ಕೈಬರಹ: ‘ನಿದ್ದೆಯಲ್ಲಿ ಬಟ್ಟೆ ಒದ್ದೆಯಾಗುತ್ತದೆ. ರಕ್ತ ಕಮ್ಮಿಯಾಗಿ ಸಾಯುತ್ತೇನೆಯೇ?’ ಮುಟ್ಟು ಕಾಯಿಲೆಯಲ್ಲ, ದೇಹ ಸರಿಯಾಗಿ ಬೆಳೆಯುತ್ತಿರುವುದರ ಗುರುತು. ಹುಡುಗನಿಗಾಗುವುದೂ ಅಷ್ಟೇ ಸಹಜ, ಅದರಿಂದ ಶಕ್ತಿ ಸೋರಿಹೋಗುವುದಿಲ್ಲ. ಇಷ್ಟು ಹೇಳಲು ಎರಡು ನಿಮಿಷ ಸಾಕಾಯಿತು. ಆ ಎರಡು ನಿಮಿಷ ಯಾರೂ ಕೊಡದಿದ್ದುದರಿಂದ ಆ ಮಕ್ಕಳು ಎಷ್ಟು ತಿಂಗಳು ಹೆದರಿದ್ದರೋ ನಾವು ಬಲ್ಲವರಲ್ಲ. ಹೆಣ್ಣುಮಕ್ಕಳಿಗೆ ಗುಡ್ಲಾದರೂ ಇದೆ, ಆರತಿಯಾದರೂ ಇದೆ. ಹುಡುಗರು ಬೆಳೆದುದನ್ನು ಗಮನಿಸುವ ಒಂದು ಶಾಸ್ತ್ರವೂ ನಮ್ಮಲ್ಲಿಲ್ಲ.

ಉತ್ತರ ಹೇಳಹೋದಾಗ ನಮಗೆ ಪದಗಳ ಕೊರತೆ ಎದುರಾಯಿತು. ಪಠ್ಯಪುಸ್ತಕದಲ್ಲಿ ‘ಋತುಸ್ರಾವ’, ‘ಅಂಡಾಶಯ’, ‘ಪ್ರಜನನಾಂಗ’ ಎಂದಿದೆ. ಮಕ್ಕಳು ಅವನ್ನು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ, ತಮ್ಮ ಮೈಗೆ ಸಂಬಂಧಿಸಿದ ಮಾತೆಂದು ತಿಳಿಯುವುದಿಲ್ಲ. ಮನೆಮಾತಿನಲ್ಲಿರುವ ಪದಗಳಲ್ಲಿ ಹಲವು ಬೈಗುಳವಾಗಿ ಮಾತ್ರ ಉಳಿದಿವೆ. ಮುಟ್ಟಿಗೆ ಬಳಸುವ ‘ಹೊರಗಾಗುವುದು’ ಎಂಬ ಮಾತೇ ಹುಡುಗಿಯನ್ನು ಹೊಸ್ತಿಲಾಚೆ ಕೂರಿಸುತ್ತದೆ. ಇನ್ನು ಕಚೇರಿ, ಪೊಲೀಸ್ ಠಾಣೆಗಳ ವ್ಯವಹಾರ ತಮಿಳಿನಲ್ಲಿ. ತನಗೆ ನೋವಾದ ಜಾಗವನ್ನು ಕನ್ನಡದಲ್ಲಿ ತಾಯಿಗೇ ಹೇಳಲಾರದ ಮಗು ಅದನ್ನು ಇನ್ನೊಂದು ಭಾಷೆಯಲ್ಲಿ ಅಧಿಕಾರಿಗೆ ಹೇಗೆ ಹೇಳೀತು? ನೂರು ವರ್ಷ ಕನ್ನಡವನ್ನು ಕಾಪಾಡಿದ ಶಾಲೆ ಇದು. ತನ್ನ ದೇಹದ ಬಗೆಗೆ ನಾಚಿಕೆಯಿಲ್ಲದೆ ಹೇಳಿಕೊಳ್ಳಲು ಮಗುವಿಗೆ ನಾಲ್ಕು ಕನ್ನಡ ಪದ ಕೊಡುವುದೂ ಆ ಕಾಪಾಡುವಿಕೆಗೆ ಸೇರಬೇಕು.

ಶಾಲೆಯೊಂದೇ ಇದನ್ನು ಮಾಡಲಾರದು. ಕೇಂದ್ರ ಸರಕಾರ 2005ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಂದಾಗ, 2007ರ ವೇಳೆಗೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ತಡೆಹಿಡಿದವು. ಅದರಿಂದ ನಾವು ಕಲಿತ ಪಾಠ ಇದು: ಪುಸ್ತಕ ಮಕ್ಕಳ ಕೈಗೆ ಹೋಗುವ ಮೊದಲು ತಂದೆತಾಯಿಯರ ಕೈಗೆ ಹೋಗಬೇಕು. ‘ಹೇಳಿಕೊಟ್ಟರೆ ಮಕ್ಕಳು ಕೆಟ್ಟುಹೋಗುತ್ತಾರೆ’ ಎಂಬ ಅಂಜಿಕೆ ಸಹಜವೇ. ಯುನೆಸ್ಕೊ 2018ರಲ್ಲಿ ಹಲವು ದೇಶಗಳ ಅನುಭವವನ್ನು ಕ್ರೋಡೀಕರಿಸಿ, ಇಂಥ ಶಿಕ್ಷಣದಿಂದ ಮಕ್ಕಳು ಬೇಗನೆ ಲೈಂಗಿಕ ಸಂಬಂಧಕ್ಕೆ ತೊಡಗುವುದಿಲ್ಲವೆಂದು ಹೇಳಿದೆ. ತಂದೆತಾಯಿಯರೂ ಸಮುದಾಯವೂ ಜೊತೆಗೂಡಿದಾಗ ಶಾಲೆಯ ಪಾಠ ಹೆಚ್ಚು ಫಲ ಕೊಡುತ್ತದೆಂದೂ ಅದು ಹೇಳುತ್ತದೆ.

ಮೌನದ ಬೆಲೆಯನ್ನೂ ಅರಿಯಬೇಕು. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳವನ್ನು ಅನುಭವಿಸಿದ್ದರು. ಗಂಡುಮಕ್ಕಳ ಪಾಲು ಹೆಣ್ಣುಮಕ್ಕಳಿಗಿಂತ ಕಡಿಮೆಯಿರಲಿಲ್ಲ. ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ನಂಬಿಕೆಯ ಸ್ಥಾನದಲ್ಲಿದ್ದವರು. ‘ಅಪರಿಚಿತರ ಹತ್ತಿರ ಹೋಗಬೇಡ’ ಎಂಬ ಒಂದೇ ಎಚ್ಚರಿಕೆ ಸಾಲದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಾನೂನಿನ ಮಾತನ್ನೂ ನೇರವಾಗಿ ಹೇಳುತ್ತೇವೆ. 2012ರ ಪೋಕ್ಸೋ ಕಾಯಿದೆಯಂತೆ ಹದಿನೆಂಟು ತುಂಬದವರೆಲ್ಲರೂ ಮಕ್ಕಳು. ಅವರು ಒಪ್ಪಿದ್ದರೆಂಬ ಮಾತು ಅಲ್ಲಿ ನಿಲ್ಲುವುದಿಲ್ಲ. ದೌರ್ಜನ್ಯ ನಡೆದದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ. ಶಿಕ್ಷಕರಿಗೂ ಅದು ಅನ್ವಯಿಸುತ್ತದೆ, ಊರ ಯಜಮಾನರಿಗೂ ಅನ್ವಯಿಸುತ್ತದೆ. ಆದ್ದರಿಂದ ಅಂಥ ವಿಷಯವನ್ನು ನ್ಯಾಯ ಪಂಚಾಯ್ತಿಯಲ್ಲಿ ಮುಗಿಸುವಂತಿಲ್ಲ. ಹುಡುಗ ಹುಡುಗಿ ಓಡಿಹೋದರೆ ಅವರಿಬ್ಬರಿಗೂ ಮದುವೆ ಮಾಡಿಸಿದರೆ ಸರಿಯಾಯಿತೆಂದು ಭಾವಿಸುವವರಿದ್ದಾರೆ. ಹದಿನೆಂಟು ತುಂಬದ ಹೆಂಡತಿಯೊಡನೆ ಗಂಡನ ಸಂಬಂಧವೂ ಅತ್ಯಾಚಾರವೇ ಎಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿದೆ. ಗಡಿ ದಾಟಿಸಿ ಮದುವೆ ಮಾಡಿದರೂ ಕಾನೂನು ಒಂದೇ. ಇದನ್ನು ತಿಳಿಯದ ಹದಿನೇಳರ ಹುಡುಗನೂ ತನ್ನ ಬಾಳನ್ನು ಕಳೆದುಕೊಳ್ಳಬಹುದು. ತೊಂದರೆಯಲ್ಲಿರುವ ಮಗು ತಾನೇ ಕರೆಯಬಹುದಾದ ಸಹಾಯವಾಣಿಯ ಸಂಖ್ಯೆ 1098. ಅದನ್ನು ಪ್ರತಿಯೊಂದು ಮನೆಯ ಗೋಡೆಯ ಮೇಲೂ ಬರೆದಿಡಬೇಕೆಂದು ವಿನಂತಿಸುತ್ತೇವೆ.

ಇನ್ನು ನಮ್ಮ ಕೋರಿಕೆಗಳು. ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೂ, ಅರ್ಧ ಪಾಲು ಮಹಿಳೆಯರೂ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಈ ಕೆಲಸವನ್ನು ನಡೆಸಲು ಆ ಸಮಿತಿಗಿಂತ ಯೋಗ್ಯ ಜಾಗವಿಲ್ಲ. ಯಾವ ಪಾಠವನ್ನೂ ನಿಮಗೆ ಮೊದಲು ಓದಿ ಹೇಳದೆ ಮಕ್ಕಳಿಗೆ ಹೇಳುವುದಿಲ್ಲವೆಂದು ನಾವು ಮಾತು ಕೊಡುತ್ತೇವೆ. ಯಾವ ಪದ ಬಳಸಬೇಕು, ಯಾವುದು ಬೇಡ ಎಂಬುದನ್ನು ನೀವು ತಿದ್ದಿ. ಕಾಡಿನ ಪೋಡುಗಳಿಂದ ಬರುವ ಸೋಲಿಗ ತಾಯಂದಿರೂ ಕೂತು ತಮ್ಮ ಮಾತು ಸೇರಿಸಲಿ. ಊರಿನ ನರ್ಸಮ್ಮನವರನ್ನೂ ಕರೆಯೋಣ. ತಾಯಂದಿರ ಸಭೆಯಷ್ಟೇ ತಂದೆಯರ ಸಭೆಯೂ ಆಗಲಿ. ಸಂತೆಯ ದಿನ ಬಿಟ್ಟು, ಹೊಲದ ಕೆಲಸ ಮುಗಿದ ಹೊತ್ತಿಗೆ ನಾವೇ ನಿಮ್ಮ ಊರಿಗೆ ಬರುತ್ತೇವೆ. ಹುಡುಗನೊಡನೆ ಮಾತನಾಡಬೇಕಾದವನು ತಂದೆ. ‘ಬೇಡ’ ಎಂದರೆ ಬೇಡವೇ ಎಂಬುದನ್ನು ಹುಡುಗ ಮೊದಲು ಕಲಿಯಬೇಕಾದದ್ದು ಮನೆಯಲ್ಲೇ.

ಸೋದರಮಾವಂದಿರಿಗೆ ಒಂದು ವಿಶೇಷ ಮಾತು. ಗುಡ್ಲು ಹಾಕುವ ಹಕ್ಕು ನಿಮ್ಮದು, ಅದು ನಿಲ್ಲಬೇಕೆಂದು ನಾವು ಹೇಳುವುದಿಲ್ಲ. ಚಿಗಳಿಯೂ ಇರಲಿ, ಆರತಿಯೂ ಇರಲಿ. ಆ ದಿನ ಸೀರೆಯ ಜೊತೆಗೆ ತಟ್ಟೆಯಲ್ಲಿ ಒಂದು ಪುಸ್ತಕವನ್ನೂ ಇಡಿ. ‘ಇವಳು ಹದಿನೆಂಟರವರೆಗೆ, ಅದರಾಚೆಗೂ ಓದುತ್ತಾಳೆ’ ಎಂದು ಸೇರಿದ ನೆಂಟರ ಮುಂದೆ ಒಂದು ಮಾತು ಹೇಳಿ. ಊರನ್ನೆಲ್ಲ ಕರೆದು ಹೇಳಿದ ಮಾತನ್ನು ಮುರಿಯುವುದು ಯಾರಿಗೂ ಸುಲಭವಲ್ಲ. ಈ ಶಾಲೆಯಲ್ಲಿ ಓದಿ ವೈದ್ಯರು, ದಾದಿಯರು, ವಕೀಲರು ಆಗಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಬಂದು ಮಕ್ಕಳ ಡಬ್ಬದ ಚೀಟಿಗಳಿಗೆ ಉತ್ತರ ಹೇಳಲಿ. ಕಟ್ಟಡಕ್ಕೆ ನೀವು ಕೊಟ್ಟ ದೇಣಿಗೆಗೆ ನಾವು ಋಣಿಗಳು. ಈ ಒಂದು ದಿನದ ದೇಣಿಗೆಯನ್ನೂ ಕೇಳುತ್ತಿದ್ದೇವೆ.

ಆ ಹುಡುಗಿಯ ಹೆಸರಿರುವ ಹಾಜರಿ ಪುಸ್ತಕ ಇಂದಿಗೂ ಕಚೇರಿಯ ಬೀರುವಿನಲ್ಲಿದೆ. ಶತಮಾನೋತ್ಸವದ ವಸ್ತುಪ್ರದರ್ಶನಕ್ಕೆಂದು ಹಳೆಯ ದಾಖಲೆಗಳನ್ನು ಹೊರತೆಗೆದಾಗ ಅದೂ ಕೈಗೆ ಬಂತು. ಅಂಥ ಹೆಸರುಗಳು ಹಿಂದಿನ ಪುಸ್ತಕಗಳಲ್ಲೂ ಇವೆ, ಒಂದೆರಡಲ್ಲ. ಅವರನ್ನು ನಾವು ಮತ್ತೆ ತರಗತಿಗೆ ಕರೆತರಲಾರೆವು. ಈ ವರ್ಷ ಏಳನೆಯ ತರಗತಿಯಲ್ಲಿ ಕೂತಿರುವ ಮಕ್ಕಳ ಹೆಸರುಗಳ ಮುಂದೆ ಹತ್ತನೆಯ ತರಗತಿಯವರೆಗೂ ಹಾಜರಿಯ ಗುರುತು ಬೀಳುವಂತೆ ನೋಡಿಕೊಳ್ಳುವುದು ನಮ್ಮಿಂದ ಆಗುವ ಕೆಲಸ, ನೀವು ಜೊತೆಗಿದ್ದರೆ. ಬರುವ ತಿಂಗಳ ಮೊದಲ ಸಭೆಗೆ ತಂದೆತಾಯಿಯರಿಬ್ಬರೂ ಬರಬೇಕೆಂದು ಕೇಳಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ.