ಲೆಕ್ಕಕ್ಕೆ ಬಾರದ ಕಳವಳ

ಸಮಾಜಬಾಂಧವರೇ, ಲೆಕ್ಕಪರಿಶೋಧಕನಾದ ನನಗೆ ಖಾತೆಗೆ ಏರದ ಸಾಲದ ಭಯವೇ ಹೆಚ್ಚು. ಮನಸ್ಸಿನ ಆತಂಕವೂ ಅಂಥದೇ. ಅದನ್ನು ದೇಶದ ಲೆಕ್ಕಕ್ಕೆ ತರಲು ಯತ್ನಿಸಿದ್ದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯಕ್ಕಾಗಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ. ಅದು ಆಸ್ಪತ್ರೆಯ ಕಡತಗಳನ್ನು ನೆಚ್ಚದೆ ಮನೆಮನೆಗೆ ಹೋಯಿತು. ವೈದ್ಯರನ್ನು ಕಾಣದವರೂ ಎಣಿಕೆಗೆ ಸಿಕ್ಕರು. ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಯಾವುದಾದರೊಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು; ಮಹಾನಗರಗಳಲ್ಲಿ ಆ ಪ್ರಮಾಣ ಹಳ್ಳಿಗಳಿಗಿಂತ ಹೆಚ್ಚು.

ಆದರೆ ಆಯ್ದ 12 ರಾಜ್ಯಗಳಲ್ಲಿ ತಮಿಳುನಾಡು ಇತ್ತು. ಮಹಾರಾಷ್ಟ್ರ, ತೆಲಂಗಾಣ, ದೆಹಲಿ ಇರಲಿಲ್ಲ. ಮುಂಬಯಿಯ ನಮ್ಮ ಮನೆಗಳ ನಿದ್ದೆಗೆಟ್ಟ ರಾತ್ರಿಗಳು ಆ ವರದಿಯಲ್ಲಿಲ್ಲ.

ಇಂಥ ಸಮೀಕ್ಷೆಯವರು ಬಾಗಿಲು ತಟ್ಟಿದಾಗ, "ನಮ್ಮಲ್ಲಿ ಅಂಥದ್ದೇನೂ ಇಲ್ಲ" ಎಂದು ಸಾಗಹಾಕಬೇಡಿ. ಮಗಳ ಸಂಬಂಧ ತಪ್ಪೀತೆಂಬ ಅಂಜಿಕೆ ನನಗೂ ತಿಳಿಯದ್ದಲ್ಲ. ವರದಿಯಲ್ಲಿ ಹೆಸರಿರುವುದಿಲ್ಲ, ಅಂಕಿಯಷ್ಟೇ; ಅನುದಾನ ಕೇಳಲು ಹೋದವರಿಗೆ ಸರ್ಕಾರ ತೋರಿಸೆನ್ನುವುದೂ ಅದನ್ನೇ.