ಪಟದಲ್ಲಿ ನಿಂತವನ ಹೆಸರೇನು?

(ಕಲ್ಕತ್ತೆಯ ಕನ್ನಡ ಹೋಟೆಲು ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಏಳನೇ ತರಗತಿಗೆ ಓದು ನಿಲ್ಲಿಸಿ ಲೋಟ ತೊಳೆಯಲು ಬಂದವನು ನಾನು. ಹಳೆಯ ಫೋಟೋಗಳ ಚರಿತ್ರೆ ಹೇಳಲು ಇವನಿಗೇನು ಅಧಿಕಾರವೆಂದು ತಮಗೆ ಅನ್ನಿಸಬಹುದು. ಒಂದು ಸಾವು ನನ್ನನ್ನು ಈ ವಿಷಯಕ್ಕೆ ಎಳೆದು ತಂದಿತು.

ಕಳೆದ ಮಳೆಗಾಲದಲ್ಲಿ ನಮ್ಮ ಹಿರಿಯ ಅಡಿಗೆಯವರೊಬ್ಬರು ತೀರಿಕೊಂಡರು. ಅವರ ಹೆಸರು ತಮಗೆಲ್ಲ ಗೊತ್ತು. ಕೇವಡಾತಲಾ ಘಾಟಿಗೆ ನಾವೇ ಹೆಗಲು ಕೊಟ್ಟು ಒಯ್ದೆವು. ಮೂರನೆಯ ದಿನ ಊರಿನಿಂದ ಅವರ ಹೆಂಡತಿ ಫೋನು ಮಾಡಿ, "ಗೋಡೆಗೆ ಹಾಕಲು ಅವರದೊಂದು ಪಟ ಕಳಿಸಿ ಅಣ್ಣಾ" ಎಂದರು. ಎಲ್ಲರ ಕೈಯಲ್ಲೂ ಮೊಬೈಲು ಇರುವ ಕಾಲವಿದು. ಆದರೆ ಆ ಮನುಷ್ಯ ಗುಂಡಿ ಒತ್ತುವ ಫೋನಿನವರು. ಆಧಾರ್ ಕಾರ್ಡಿನ ಪಟವೋ, ಕಟ್ಟಿಕೊಂಡ ಹೆಂಡತಿಗೇ ಗುರುತು ಹತ್ತದಷ್ಟು ಕಪ್ಪು. ಹುಡುಕಿ ಹುಡುಕಿ, ಅವರು ದುಡಿದ ಹೋಟೆಲಿನ ಗೋಡೆಯಲ್ಲಿ ವಾರ್ಷಿಕೋತ್ಸವದ ಗುಂಪಿನ ಪಟವೊಂದು ಸಿಕ್ಕಿತು. ಮುಂದೆ ಕುರ್ಚಿಗಳಲ್ಲಿ ಮಾಲಿಕರು, ನೆಂಟರು, ಅತಿಥಿಗಳು. ಕೆಳಗೆ ಒಬ್ಬೊಬ್ಬರ ಹೆಸರೂ ಅಚ್ಚಾಗಿದೆ. ಹಿಂದೆ ನಿಂತ ಹನ್ನೊಂದು ಜನರಿಗೆ ಒಂದೇ ಮಾತು: "ಸಿಬ್ಬಂದಿ". ನಮ್ಮವರು ಕೊನೆಯಲ್ಲಿ, ಇನ್ನೊಬ್ಬನ ಹೆಗಲ ಹಿಂದೆ ಅರ್ಧ ಮುಖವಾಗಿ ನಿಂತಿದ್ದರು.

ಅದೇ ಕೇವಡಾತಲಾದಲ್ಲಿ ಮೈಸೂರು ಅರಸರ ನೆನಪಿನ ಗುಡಿಯೊಂದಿದೆ. ಹತ್ತನೆಯ ಚಾಮರಾಜೇಂದ್ರ ಒಡೆಯರು ಪ್ರವಾಸಕ್ಕೆಂದು ಈ ಊರಿಗೆ ಬಂದಿದ್ದಾಗ ಗಂಟಲುಮಾರಿ ತಗುಲಿ 1894ರ ಡಿಸೆಂಬರ್ 28ರಂದು ಇಲ್ಲಿಯೇ ತೀರಿಕೊಂಡರು. ಆಗ ಅವರಿಗೆ 31 ವರ್ಷ. ಸಾವು ಅರಸನೆಂದೂ ನೋಡಲಿಲ್ಲ, ಅಡಿಗೆಯವನೆಂದೂ ನೋಡಲಿಲ್ಲ. ಪಟ ಮಾತ್ರ ನೋಡಿತು. ಅರಸರ ಪಟಗಳು ಇಂದಿಗೂ ಉಳಿದಿವೆ. ಪೇಟ, ಪದಕ, ಹೆಸರು, ಬಿರುದು ಎಲ್ಲವೂ ಸ್ಪಷ್ಟ. ಮೈಸೂರಿಗೆ 21 ತೋಪಿನ ಮರ್ಯಾದೆ ಎಂಬುದೂ ಬರೆದಿಟ್ಟ ಸಂಗತಿಯೇ.

ಇಂಥ ಪಟಗಳ ದೊಡ್ಡ ಪೇಟೆ ನಮ್ಮ ಈ ಕಲ್ಕತ್ತೆ. ಬಂಗಾಳದ ಫೋಟೋಗ್ರಾಫಿಕ್ ಸೊಸೈಟಿ 1856ರಲ್ಲಿ ಇಲ್ಲಿ ಹುಟ್ಟಿತು. ಅದರ ಪದಾಧಿಕಾರಿಯಾಗಿದ್ದ ರಾಜೇಂದ್ರಲಾಲ್ ಮಿತ್ರರು ನೀಲಿ ತೋಟದ ಬಿಳಿಯರ ದಬ್ಬಾಳಿಕೆಯನ್ನು ಬಹಿರಂಗವಾಗಿ ಖಂಡಿಸಿದ್ದಕ್ಕೆ 1857ರಲ್ಲಿ ಅವರನ್ನು ಹೊರಗೆ ಹಾಕಿದರು. ಆಮೇಲೆ ಬೋರ್ನ್ ಅಂಡ್ ಶೆಫರ್ಡ್ ಬಂತು, 1882ರಲ್ಲಿ ಜಾನ್‌ಸ್ಟನ್ ಅಂಡ್ ಹಾಫ್‌ಮನ್ ಬಂತು. ರಾಜರು, ಜಮೀನ್ದಾರರು, ಲಾಟ ಸಾಹೇಬರು ಇಂಥ ಅಂಗಡಿಗಳ ಮೆಟ್ಟಿಲು ಹತ್ತಿದರು. ಬೋರ್ನ್ ಅಂಡ್ ಶೆಫರ್ಡಿನ ಬಹುಪಾಲು ಹಳೆಯ ಪಟಗಳು 1991ರ ಬೆಂಕಿಯಲ್ಲಿ ಹೋದವು. 2016ರಲ್ಲಿ ಅಂಗಡಿಯೂ ಮುಚ್ಚಿತು.

ಆ ಕಾಲದಲ್ಲಿ ಪಟ ತೆಗೆಯುವುದು ಸುಲಭದ ಕೆಲಸವಲ್ಲ. ಗಾಜಿಗೆ ಮದ್ದು ಸವರಿ, ಅದು ಒಣಗುವುದರೊಳಗೆ ಪಟ ತೆಗೆದು ತೊಳೆದು ಮುಗಿಸಬೇಕು. ಕಾವಲಿಗೆ ಹಿಟ್ಟು ಹೊಯ್ದ ಮೇಲೆ ದೋಸೆಯವನು ಆಚೆ ಈಚೆ ನೋಡುವಂತಿಲ್ಲವಷ್ಟೆ, ಹಾಗೆ. ಕೂತವರ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಕವೆ ಕೊಡುತ್ತಿದ್ದರು. ಆ ಕವೆಗೆ ಅರಸನೂ ಕುತ್ತಿಗೆ ಕೊಡಬೇಕಿತ್ತು.

ಬಡವರ ಪಟ ಯಾರೂ ತೆಗೆಯಲಿಲ್ಲವೇ? ತೆಗೆದರು. ಗವರ್ನರ್ ಜನರಲ್ ಕ್ಯಾನಿಂಗ್ ತಮ್ಮ ನೆನಪಿಗೆಂದು ಈ ದೇಶದ ಜನರ ಪಟಗಳನ್ನು ಕೂಡಿಸಹೊರಟರು. 1857ರ ದಂಗೆಯ ತರುವಾಯ ಅದು ಸರಕಾರದ ಕೆಲಸವಾಯಿತು. "ದಿ ಪೀಪಲ್ ಆಫ್ ಇಂಡಿಯಾ" ಎಂಬ ಹೆಸರಿನಲ್ಲಿ 1868ರಿಂದ 1875ರವರೆಗೆ ಎಂಟು ಸಂಪುಟಗಳು ಹೊರಬಂದವು. ಪಟಗಳು ನಾನೂರಕ್ಕೂ ಮೇಲೆ. ಅಲ್ಲಿ ಅರಸನಿಗೆ ಹೆಸರುಂಟು. ಕೂಲಿಯವನಿಗೆ, ಕುಶಲಕರ್ಮಿಗೆ ಬಹುಮಟ್ಟಿಗೆ ಜಾತಿಯ ಹೆಸರೊಂದೇ. ಈ ಜಾತಿ ನಂಬತಕ್ಕದ್ದು, ಆ ಜಾತಿ ಕಳ್ಳರದು ಎಂಬಂಥ ಷರಾ ಬೇರೆ.

1869ರಲ್ಲಿ ಸರ್ ಸೈಯದ್ ಅಹಮದ್ ಖಾನರು ಲಂಡನ್ನಿನಲ್ಲಿ ಈ ಪುಸ್ತಕ ನೋಡಿ ನೊಂದು ಊರಿಗೆ ಬರೆದರು. ಅವರ ಮಗ ಅದರ ಹಾಳೆ ತಿರುವುತ್ತಿದ್ದಾಗ ಇಂಗ್ಲಿಷಿನವನೊಬ್ಬ, ನೀನು ಹಿಂದೂಸ್ತಾನದವನೋ ಎಂದು ಕೇಳಿದನಂತೆ. ಹುಡುಗ ಹೌದೆಂದ, ಆದರೆ ಮುಖ ಕೆಂಪಾಗಿ, ತನ್ನ ಹಿರಿಯರು ಬೇರೆ ದೇಶದಿಂದ ಬಂದವರೆಂದು ಕೂಡಲೇ ಸೇರಿಸಿದ. ಆ ಹುಡುಗನನ್ನು ನಾನು ಹಳಿಯುವುದಿಲ್ಲ. ಈ ಊರಿನಲ್ಲಿ ನಮ್ಮನ್ನು "ಮದ್ರಾಸಿ" ಎಂದು ಕರೆದಾಗ, "ನಾನಲ್ಲ, ಅವನು" ಎಂದು ಪಕ್ಕದ ತಮಿಳಿನವನ ಕಡೆ ಬೆರಳು ತೋರಿಸಿದವರು ನಮ್ಮಲ್ಲಿಲ್ಲವೇ? ನಾನೂ ತೋರಿಸಿದ್ದೇನೆ. ಚೀಟಿ ಅಂಟಿಸುವವನ ಕೈ ಹಿಡಿಯುವ ಬದಲು ನಾವು ಚೀಟಿಯನ್ನು ಇನ್ನೊಬ್ಬನ ಬೆನ್ನಿಗೆ ದಾಟಿಸುತ್ತೇವೆ.

ಬಿಳಿಯರದಷ್ಟೇ ತಪ್ಪೆಂದು ಹೇಳಿ ನಾನು ಕೂತುಕೊಳ್ಳಲಾರೆ. ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾದ ಎಚ್. ವಿ. ನಂಜುಂಡಯ್ಯನವರು ಮೈಸೂರು ಸೀಮೆಯ ಜನಗಳ ವಿವರ ಕೂಡಿಸಿದರು. ಈ ಕಲ್ಕತ್ತೆಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅದನ್ನು ಮುಗಿಸಿದರು. 1928ರಿಂದ 1935ರವರೆಗೆ ನಾಲ್ಕು ಸಂಪುಟಗಳು ಅಚ್ಚಾದವು. ಶ್ರಮದ ಕೆಲಸ, ನಮ್ಮವರೇ ಮಾಡಿದ್ದು. ಆದರೂ ಅದು ಜಾತಿಗೊಂದು ಅಧ್ಯಾಯದ ಪುಸ್ತಕವೇ.

ಹಾಗೆಂದು ಆ ಪಟಗಳನ್ನು ಸುಡಬೇಕೇ? ಬೇಡ. ನೂರೈವತ್ತು ವರ್ಷದ ಹಿಂದಿನ ನೇಕಾರನ, ಬೆಸ್ತನ ಮುಖ ನಮಗೆ ಸಿಗುವುದು ಅಲ್ಲಿಯೇ. ಷರಾ ಬಿಟ್ಟು ಮುಖ ನೋಡಿ. ಕವೆಗೆ ತಲೆ ಕೊಟ್ಟು ನಿಂತ ಮನುಷ್ಯ ನೆಟ್ಟಗೆ ನಮ್ಮನ್ನೇ ನೋಡುತ್ತಾನೆ. ಅವನಿಗೊಂದು ಹೆಸರಿತ್ತು, ಕೇಳುವವರು ಇರಲಿಲ್ಲ.

ನಮ್ಮನ್ನು ನಾವಾದರೂ ಕೇಳೋಣ. ಸಂಘದಲ್ಲಿ ಒಂದು ಪಟದ ಪುಸ್ತಕ ಇಡಬೇಕೆಂದು ಈ ಸಭೆಯ ಮುಂದೆ ಸೂಚಿಸುತ್ತೇನೆ. ಪ್ರತಿ ಸದಸ್ಯನದೂ ಒಂದು ಪಟ. ಕೆಳಗೆ ಅವನ ಹೆಸರು, ತಂದೆ ತಾಯಿಯ ಹೆಸರು, ಊರು, ಮಾಡುವ ಕೆಲಸ, ಈ ನಗರಕ್ಕೆ ಬಂದ ವರ್ಷ. ಜಾತಿಯ ಕಲಮು ಬೇಡ. ಎರಡು ಪ್ರತಿ ಮಾಡಿಸಿ ಒಂದನ್ನು ಮನೆಗೆ ಕಳಿಸೋಣ. ಖರ್ಚು ಸಂಘದ ನಿಧಿಯಿಂದ ಆಗಲಿ. ತಟ್ಟೆ ಎತ್ತುವ ಬಿಹಾರದ ಹುಡುಗ, ನೀರು ಹೊರುವ ಒಡಿಶಾದವನು ಕನ್ನಡಿಗರಲ್ಲವೆಂದು ಬಿಡಬಾರದು; ಒಂದೇ ಒಲೆಯ ಮುಂದೆ ಬೆವರು ಸುರಿಸುವವರು ಒಂದೇ ಪುಸ್ತಕದಲ್ಲಿರಲಿ.

ಆ ಅರ್ಧ ಮುಖವನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ಊರಿಗೆ ಕಳಿಸಿದೆವು. "ಇಷ್ಟಾದರೂ ಸಿಕ್ಕಿತಲ್ಲ" ಎಂದರು ಆ ತಾಯಿ. ನಾಚಿಕೆಯಿಂದ ನಾನು ಮಾತಾಡಲಿಲ್ಲ.

ತಾವು ಒಪ್ಪಿದರೆ ಬರುವ ಭಾನುವಾರವೇ ಆರಂಭಿಸೋಣ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಬನ್ನಿ. ಇಸ್ತ್ರಿಯ ಅಂಗಿ ಇಲ್ಲದವರು ಅಡಿಗೆಯ ಬಟ್ಟೆಯಲ್ಲೇ ಬಂದರೂ ಅಡ್ಡಿಯಿಲ್ಲ. ಯಾರೂ ಇನ್ನೊಬ್ಬರ ಹೆಗಲ ಹಿಂದೆ ನಿಲ್ಲಬೇಡಿ.