ಸಮಾಧಿಯೊಳಗೆ ಅರುವತ್ತು ದೋಣಿಗಳು
(ಸಕಲ ಮೃತರ ಸ್ಮರಣೆಯ ದಿನ, ನವೆಂಬರ್ 2)



ಇಂದು ನಮ್ಮನ್ನು ಅಗಲಿದವರ ಸಮಾಧಿಗಳ ಮೇಲೆ ಹೂವಿಟ್ಟು, ಮೇಣದಬತ್ತಿ ಹಚ್ಚಿದ್ದೇವೆ. ಈ ಹೊತ್ತಿನಲ್ಲಿ ದೂರದ ಈಜಿಪ್ಟಿನ ಒಂದು ಸಮಾಧಿಯ ಕಥೆ ಕೇಳಿ.

ಸುಮಾರು 4,000 ವರ್ಷಗಳ ಹಿಂದೆ ನೈಲ್ ನದಿಯ ದಡದಲ್ಲಿ ಜೆಹುತಿನಖ್ತ್ ಎಂಬ ಪ್ರಾಂತ್ಯಾಧಿಕಾರಿ ಇದ್ದ. ದೇರ್ ಎಲ್-ಬರ್ಷಾ ಎಂಬಲ್ಲಿ ಬಂಡೆ ಕೊರೆದು ಮಾಡಿದ್ದ ಅವನ ಸಮಾಧಿಯನ್ನು 1915ರಲ್ಲಿ ಅಮೆರಿಕದ ತಜ್ಞರು ತೆರೆದರು. ಒಳಗೆ ಚಿತ್ರ ಬರೆದ ದೇವದಾರು ಶವಪೆಟ್ಟಿಗೆಗಳು. ಮರದ ಸುಮಾರು 60 ಪುಟ್ಟ ದೋಣಿಗಳು. ಉಳುವವರು, ರೊಟ್ಟಿ ಸುಡುವವರು, ಇಟ್ಟಿಗೆ ಮಾಡುವವರು, ನೇಯುವವರ ಬೊಂಬೆಗಳು. ಪರಲೋಕದಲ್ಲಿ ಒಡೆಯನಿಗೆ ಹಸಿವಾಗಬಾರದು, ಪ್ರಯಾಣ ನಿಲ್ಲಬಾರದು ಎಂದು ಇಷ್ಟೆಲ್ಲಾ ಸಿದ್ಧತೆ!

ಆದರೆ ಕಳ್ಳರು ಪ್ರಾಚೀನ ಕಾಲದಲ್ಲೇ ನುಗ್ಗಿದ್ದರು. ಒಡವೆ ದೋಚಿ, ದೇಹವನ್ನು ಮೂಲೆಗೆಸೆದಿದ್ದರು. ಶವಪೆಟ್ಟಿಗೆಯ ಮೇಲೆ ಒಂದು ತಲೆ ಮಾತ್ರ ಉಳಿದಿತ್ತು. ಅವನ ಹೆಂಡತಿಯ ಹೆಸರೂ ಜೆಹುತಿನಖ್ತ್. ಆ ತಲೆ ಗಂಡನದೋ ಹೆಂಡತಿಯದೋ ಎಂದು ನೂರು ವರ್ಷ ತಿಳಿಯಲಿಲ್ಲ. 2018ರಲ್ಲಿ ಡಿಎನ್ಎ ಪರೀಕ್ಷೆಯಿಂದಷ್ಟೇ ಅದು ಗಂಡಸಿನದೆಂದು ಗೊತ್ತಾಯಿತು.

ಪ್ರಿಯರೇ, ಅವರನ್ನು ನೋಡಿ ನಗುವುದು ಬೇಡ. ಸತ್ತವರ ಮೇಲಿನ ಪ್ರೀತಿ, ಸಾವಿನಾಚೆಗೂ ಬದುಕಿದೆ ಎಂಬ ಹಂಬಲ ಅದರಲ್ಲಿತ್ತು. ಆದರೆ ಆ ಬೊಂಬೆಗಳನ್ನು ಗಮನಿಸಿ: ಇಲ್ಲಿ ದುಡಿದ ಆಳು ಅಲ್ಲಿಯೂ ಆಳೇ. ನಮ್ಮ ಪ್ರಭುವಾದರೋ ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ಶಿಷ್ಯರ ಪಾದ ತೊಳೆದವರು. ಅವರ ರಾಜ್ಯದಲ್ಲಿ ಸೇವಕನಿಗೂ ಔತಣದಲ್ಲಿ ಸ್ಥಾನವಿದೆ. ನಮ್ಮ ಗುರುತು ಹಿಡಿಯಲು ಅವರಿಗೆ ಪರೀಕ್ಷೆ ಬೇಕಿಲ್ಲ. ಅವರು ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆಯುವ ಕುರುಬರು. ಯೇಸುವಿನ ಸಮಾಧಿಯಲ್ಲಿ ಉಳಿದದ್ದು ನಾರುಬಟ್ಟೆ ಮಾತ್ರ. ಅಲ್ಲಿ ದೇಹವನ್ನು ಯಾರೂ ಕದ್ದಿರಲಿಲ್ಲ, ಪ್ರಭು ಎದ್ದಿದ್ದರು!

ಇನ್ನು ನಮ್ಮ ವಿಷಯ. ಅಮ್ಮನ ಸಮಾಧಿಗೆ ಗ್ರಾನೈಟ್ ಕಲ್ಲು ಹಾಕಿಸಲು ನಾನು ಮುಂದು, ನೀನು ಮುಂದು ಎನ್ನುತ್ತೇವೆ. ಆದರೆ ಅದೇ ಅಮ್ಮನ ಮಕ್ಕಳು ಆಸ್ತಿಗಾಗಿ ಮಾತು ಬಿಟ್ಟು, ಬಲಿಪೂಜೆಯಲ್ಲಿ ಬೇರೆ ಬೇರೆ ಬೆಂಚಿನಲ್ಲಿ ಕೂರುತ್ತಾರೆ. ಆ ತಾಯಿಗೆ ಬೇಕಾದದ್ದು ಕಲ್ಲೇ? ನಮ್ಮ ಪ್ರಾರ್ಥನೆ, ಅವರಿಗಾಗಿ ಅರ್ಪಿಸುವ ಪೂಜೆ, ಅವರ ಹೆಸರಿನಲ್ಲಿ ಬಡವರಿಗೆ ನೀಡುವ ಊಟ, ಇವು ಅವರಿಗೆ ನೆರವಾಗುತ್ತವೆ. ಇವುಗಳನ್ನು ಯಾವ ಕಳ್ಳನೂ ಕದಿಯಲಾರ.

ಇಂದು ಸ್ಮಶಾನದಿಂದ ಮನೆಗೆ ಹೋಗುವ ಮುನ್ನ, ಮಾತು ಬಿಟ್ಟ ಅಣ್ಣನನ್ನೋ ತಂಗಿಯನ್ನೋ ಒಮ್ಮೆ ಮಾತನಾಡಿಸಿ. ಅಗಲಿದವರಿಗೆ ಅದಕ್ಕಿಂತ ದೊಡ್ಡ ಕಾಣಿಕೆಯಿಲ್ಲ.

ಪ್ರಭು ಅವರಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ. ಆಮೆನ್.